ಯೆಹೂದ್ಯರ ಸ್ಮಾರಕ ನಾಣ್ಯಗಳು: ಅಳು, ಪ್ರಾರ್ಥನೆ, ಚೇತರಿಕೆ



ಬೀದರ್ ಜಿಲ್ಲೆಯ ಔರಾದ್ ತಾಲೂಕಿನ ಚಿಂತಾಕಿಗೆ ಹೋಗಿದ್ದಾಗ ನಾವು ಒಂದು ಮನೆಯಲ್ಲಿ ಚಹಾಕ್ಕೆ ಕುಳಿತಿದ್ದೆವು. ಆ ಮನೆಯ ಮಗಳು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸ ಮಾಡಿ ಬಂದವಳು. ಅವಳು ತಂದ ಒಂದು ನಾಣ್ಯವನ್ನು ತಾಯಿ ದೇವರ ಪಟದ ಮುಂದೆ ಇಟ್ಟಿದ್ದರು. ನಡುವೆ ಬಂಗಾರದ ಬಣ್ಣ, ಸುತ್ತಲೂ ಬೆಳ್ಳಿಯ ಬಣ್ಣ. ಒಂದು ಮಗ್ಗುಲಲ್ಲಿ ಏಳು ಗರಿಗಳ ಒಂದು ಮರ, ಅದರ ಎಡಬಲಕ್ಕೆ ಎರಡು ಬುಟ್ಟಿಗಳು.

"ಫಾದರ್, ಇದು ನಮ್ಮ ಹಳ್ಳದ ದಂಡ್ಯಾಗಿನ ಈಚಲ ಗಿಡ ಅದಲ್ರೀ?" ಎಂದು ತಾಯಿ ಕೇಳಿದರು.

ಅವರು ಹೇಳಿದ್ದು ಬಹುಪಾಲು ಸರಿಯೇ. ಈಚಲೂ ಖರ್ಜೂರವೂ ಒಂದೇ ಕುಲದ ಮರಗಳು. ನಾಣ್ಯದಲ್ಲಿ ಇರುವುದು ಯೂದಾಯ ನಾಡಿನ ಖರ್ಜೂರ. ಮರದ ಜೊತೆಗಿರುವ ಅಕ್ಷರಗಳಲ್ಲಿ ಏನು ಬರೆದಿದೆ ಎಂದು ಮಗಳು ತಾನು ಆರೈಕೆ ಮಾಡುತ್ತಿದ್ದ ಅಜ್ಜಿಯನ್ನು ಕೇಳಿ ತಿಳಿದುಕೊಂಡಿದ್ದಳು. 'ಸಿಯೋನಿನ ವಿಮೋಚನೆಗಾಗಿ' ಎಂದು ಅದರ ಅರ್ಥ. ಅದು ಇಸ್ರೇಲಿನಲ್ಲಿ 1995ರಿಂದ ಚಲಾವಣೆಯಲ್ಲಿರುವ 10 ಶೆಕೆಲ್ ನಾಣ್ಯ, ತರಕಾರಿ ಕೊಳ್ಳಲು ಕೊಡುವ ಸಾಮಾನ್ಯ ನಾಣ್ಯ. ಆದರೆ ಅದರ ಮೇಲಿನ ಮಾತು ಸುಮಾರು 1950 ವರ್ಷ ಹಳೆಯದು. ಆ ಮಾತನ್ನು ಮೊದಲು ಟಂಕಿಸಿದವರು ಗೆದ್ದವರಲ್ಲ, ಸೋಲು ಮನೆಬಾಗಿಲಿಗೆ ಬಂದು ನಿಂತಿದ್ದ ಕಾಲದ ಜನ. ಒಂದು ಜನಾಂಗವು ತನ್ನ ದುಃಖವನ್ನೂ ಪ್ರಾರ್ಥನೆಯನ್ನೂ ಲೋಹದ ಮೇಲೆ ಬರೆದಿಟ್ಟ ಬಗೆಯನ್ನು ಈ ಲೇಖನದಲ್ಲಿ ತಿಳಿಯೋಣ.

ಸ್ಮಾರಕ ನಾಣ್ಯ ಎಂದರೇನು?

ಒಬ್ಬ ವ್ಯಕ್ತಿಯ ಅಥವಾ ಒಂದು ಘಟನೆಯ ನೆನಪಿಗಾಗಿ ಸರ್ಕಾರವು ಹೊರಡಿಸುವ ನಾಣ್ಯವೇ ಸ್ಮಾರಕ ನಾಣ್ಯ. ಅದರ ಮೇಲೆ ಮುಖಬೆಲೆ ಇರುತ್ತದೆ, ಹೊರಡಿಸಿದ ದೇಶದ ಹೆಸರು ಇರುತ್ತದೆ. ಮುಖಬೆಲೆ ಇಲ್ಲದೆ ಖಾಸಗಿ ಸಂಸ್ಥೆಗಳು ಮಾಡಿ ಮಾರುವ ಬಿಲ್ಲೆಯು ಪದಕ ಮಾತ್ರ, ನಾಣ್ಯವಲ್ಲ. ಜೆರುಸಲೇಮಿನ ಚಿತ್ರವಿರುವ ಎಷ್ಟೋ ಬಿಲ್ಲೆಗಳನ್ನು 'ಪವಿತ್ರ ನಾಡಿನ ನಾಣ್ಯ' ಎಂದು ಯಾತ್ರಿಕರಿಗೆ ಮಾರುವುದುಂಟು. ಕೊಳ್ಳುವ ಮೊದಲು ಈ ವ್ಯತ್ಯಾಸ ತಿಳಿದಿದ್ದರೆ ಒಳ್ಳೆಯದು.

ನಾಣ್ಯ ಟಂಕಿಸುವುದು ಅಂದಿನಿಂದಲೂ ಆಳುವವನ ಹಕ್ಕು. ಬೀದರ್ ಸೀಮೆಯ ಹಿರಿಯರಿಗೆ ಇದನ್ನು ಹೇಳಬೇಕಾಗಿಲ್ಲ. ನಿಜಾಮರ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದುದು ಚಾರ್‌ಮಿನಾರ್ ಚಿತ್ರದ ಹಾಲಿ ಸಿಕ್ಕಾ ರೂಪಾಯಿ. ಆಳ್ವಿಕೆ ಬದಲಾಯಿತು, ರೂಪಾಯಿಯೂ ಬದಲಾಯಿತು. ಆದ್ದರಿಂದ ಆಳ್ವಿಕೆ ಇಲ್ಲದ ಜನ ನಾಣ್ಯ ಟಂಕಿಸಿದರೆ ಅದು ಬರೀ ಹಣವಲ್ಲ, ಒಂದು ಘೋಷಣೆ.

ದೇವಾಲಯದ ಅರ್ಧ ಶೆಕೆಲ್

ಯೆಹೂದ್ಯರಿಗೆ ನಾಣ್ಯಕ್ಕೂ ಪ್ರಾರ್ಥನೆಗೂ ಹಿಂದಿನಿಂದಲೂ ಸಂಬಂಧವಿದೆ. ಪ್ರತಿಯೊಬ್ಬ ವಯಸ್ಕ ಪುರುಷನೂ ಅರ್ಧ ಶೆಕೆಲ್ ಕಾಣಿಕೆ ಕೊಡಬೇಕು ಎಂಬ ವಿಧಿಯ ಮೂಲ ವಿಮೋಚನಕಾಂಡದ 30ನೇ ಅಧ್ಯಾಯದಲ್ಲಿದೆ. ಧನಿಕನು ಹೆಚ್ಚು ಕೊಡುವಂತಿಲ್ಲ, ಬಡವನು ಕಡಿಮೆ ಕೊಡುವಂತಿಲ್ಲ. ಯೇಸುಸ್ವಾಮಿಯ ಕಾಲದಲ್ಲಿ ಈ ತೆರಿಗೆಯನ್ನು ತೂರ್ ನಗರದ ಬೆಳ್ಳಿ ನಾಣ್ಯದಲ್ಲಿ ಸಲ್ಲಿಸಬೇಕಿತ್ತು, ಏಕೆಂದರೆ ಅದರ ಬೆಳ್ಳಿ ಶುದ್ಧವಾಗಿತ್ತು. ವಿಚಿತ್ರವೆಂದರೆ ಆ ನಾಣ್ಯದ ಮೇಲೆ ಇದ್ದದ್ದು ಅನ್ಯದೇವತೆಯ ತಲೆ ಮತ್ತು ಒಂದು ಹದ್ದು. ದೇವಾಲಯದ ಅಂಗಳದಲ್ಲಿ ಹಣ ವಿನಿಮಯದ ಮೇಜುಗಳು ಇದ್ದದ್ದು ಈ ಕಾರಣಕ್ಕಾಗಿ. ಸಂತ ಮತ್ತಾಯನ ಶುಭಸಂದೇಶದ 17ನೇ ಅಧ್ಯಾಯದಲ್ಲಿ ಮೀನಿನ ಬಾಯಲ್ಲಿ ಸಿಕ್ಕ ನಾಣ್ಯದಿಂದ ಪೇತ್ರನು ತನಗೂ ಸ್ವಾಮಿಗೂ ಕಟ್ಟಿದ್ದು ಇದೇ ತೆರಿಗೆ.

'ಸ್ವಾತಂತ್ರ್ಯ'ದಿಂದ 'ವಿಮೋಚನೆ'ಗೆ

ಕ್ರಿ.ಶ. 66ರಲ್ಲಿ ಯೂದಾಯದ ಜನ ರೋಮ್ ವಿರುದ್ಧ ದಂಗೆ ಎದ್ದರು. ಎದ್ದವರೇ ತಮ್ಮದೇ ಬೆಳ್ಳಿ ಶೆಕೆಲ್ ಟಂಕಿಸಿದರು. ಅದರ ಮೇಲೆ ಯಾವ ರಾಜನ ಮುಖವೂ ಇಲ್ಲ. ಒಂದು ಕಡೆ ಬಟ್ಟಲು, ಇನ್ನೊಂದು ಕಡೆ ಮೂರು ದಾಳಿಂಬೆಗಳಿರುವ ಕಡ್ಡಿ. ಬರಹ 'ಇಸ್ರೇಲಿನ ಶೆಕೆಲ್' ಮತ್ತು 'ಪವಿತ್ರ ಜೆರುಸಲೇಮ್'. ಅಕ್ಷರಗಳು ಆ ಕಾಲದ ದಿನಬಳಕೆಯವಲ್ಲ, ಪೂರ್ವಜರ ಹಳೆಯ ಹೀಬ್ರೂ ಲಿಪಿ.

ಕಂಚಿನ ಸಣ್ಣ ನಾಣ್ಯಗಳನ್ನು ಸಾಲಾಗಿಟ್ಟು ನೋಡಿದರೆ ಮನ ಕಲಕುವ ಒಂದು ಸಂಗತಿ ಕಾಣುತ್ತದೆ. ದಂಗೆಯ 2 ಮತ್ತು 3ನೇ ವರ್ಷದ ನಾಣ್ಯಗಳಲ್ಲಿ 'ಸಿಯೋನಿನ ಸ್ವಾತಂತ್ರ್ಯ' ಎಂದಿದೆ. 4ನೇ ವರ್ಷದಲ್ಲಿ, ಅಂದರೆ ಕ್ರಿ.ಶ. 69ರ ವಸಂತದಿಂದ 70ರ ವಸಂತದವರೆಗೆ, ಬರಹ ಬದಲಾಗಿ 'ಸಿಯೋನಿನ ವಿಮೋಚನೆಗಾಗಿ' ಎಂದಾಗಿದೆ. ಗಲಿಲೇಯ ಆಗಲೇ ರೋಮ್ ಕೈಗೆ ಹೋಗಿತ್ತು. ಜೆರುಸಲೇಮಿನ ಒಳಗೆ ಬಣಗಳು ಪರಸ್ಪರ ಕಾದಾಡುತ್ತಿದ್ದವು. ಸ್ವಾತಂತ್ರ್ಯ ಎಂಬುದು ಮನುಷ್ಯನು ಹೋರಾಡಿ ಪಡೆಯುವ ವಸ್ತು. ವಿಮೋಚನೆ ಎಂಬುದು ದೇವರು ಕೊಡಬೇಕಾದದ್ದು. ಕೈಯಲ್ಲಿ ಬಲ ಕುಂದಿದಂತೆ ನಾಣ್ಯದ ಮಾತು ಘೋಷಣೆಯಿಂದ ಪ್ರಾರ್ಥನೆಗೆ ತಿರುಗಿತು ಎಂದು ಇದನ್ನು ಓದಬಹುದು.

ಆ 4ನೇ ವರ್ಷದ ನಾಣ್ಯದ ಮೇಲೆ ಇದ್ದದ್ದು ಎರಡು ಖರ್ಜೂರದ ಬುಟ್ಟಿಗಳ ನಡುವಿನ ಏಳು ಗರಿಗಳ ಮರ. ಚಿಂತಾಕಿಯ ತಾಯಿ ನಮಗೆ ತೋರಿಸಿದ್ದು ಅದೇ ಚಿತ್ರ, ಅದೇ ಮಾತು. 5ನೇ ವರ್ಷದ ಬೆಳ್ಳಿ ಶೆಕೆಲ್‌ಗಳು ಬಹಳ ವಿರಳ. ಏಕೆಂದರೆ ಆ ವರ್ಷ ಕೆಲವೇ ತಿಂಗಳು ಬಾಳಿತು. ಕ್ರಿ.ಶ. 70ರ ಆಗಸ್ಟ್‌ನಲ್ಲಿ ದೇವಾಲಯವು ಸುಟ್ಟು ಬೂದಿಯಾಯಿತು.

ಗೆದ್ದವರು ಟಂಕಿಸಿದ ಅಳು

ಮರುವರ್ಷವೇ ವೆಸ್ಪಾಸಿಯನ್ ಚಕ್ರವರ್ತಿಯು ವಿಜಯದ ನಾಣ್ಯಗಳನ್ನು ಹೊರಡಿಸಿದನು. ಚಿನ್ನ, ಬೆಳ್ಳಿ, ಕಂಚು, ಮೂರರಲ್ಲೂ ಅವು ಬಂದವು. 'ಯೂದಾಯ ಸೆರೆಯಾಯಿತು' ಎಂದು ಲತೀನಿನಲ್ಲಿ ಬರಹ. ಚಿತ್ರದಲ್ಲಿ ಮತ್ತೆ ಅದೇ ಖರ್ಜೂರದ ಮರ. ಆದರೆ ಅದರ ಬುಡದಲ್ಲಿ ಈಗ ಒಬ್ಬ ಹೆಂಗಸು ತಲೆಗೆ ಕೈಕೊಟ್ಟು ನೆಲದ ಮೇಲೆ ಕುಳಿತು ಅಳುತ್ತಿದ್ದಾಳೆ. ಕೆಲವು ನಾಣ್ಯಗಳಲ್ಲಿ ಅವಳ ಹಿಂದೆ ಚಕ್ರವರ್ತಿಯು ಈಟಿ ಹಿಡಿದು ನಿಂತಿದ್ದಾನೆ. ಅವನ ಮಕ್ಕಳಾದ ತೀತನೂ ದೊಮಿತಿಯನನೂ ಇಂತಹ ನಾಣ್ಯಗಳನ್ನು ಮುಂದುವರಿಸಿದರು.

ಇಷ್ಟಕ್ಕೇ ನಿಲ್ಲಲಿಲ್ಲ. ದೇವಾಲಯಕ್ಕೆ ಕೊಡುತ್ತಿದ್ದ ಅರ್ಧ ಶೆಕೆಲ್ ಬದಲು ಪ್ರತಿ ಯೆಹೂದ್ಯನೂ ವರ್ಷಕ್ಕೆ 2 ದಿನಾರಿಯನ್ನು ರೋಮಿನ ಜುಪಿತರ್ ದೇವಸ್ಥಾನಕ್ಕೆ ಕಟ್ಟಬೇಕೆಂದು ಆಜ್ಞೆಯಾಯಿತು. ಹೆಂಗಸರಿಗೂ ಮಕ್ಕಳಿಗೂ ವಿನಾಯಿತಿ ಇರಲಿಲ್ಲ. ದೇವರಿಗೆ ಕೊಟ್ಟ ಕಾಣಿಕೆಯೇ ಅವಮಾನದ ತೆರಿಗೆಯಾಯಿತು. ಕ್ರಿ.ಶ. 96ರಲ್ಲಿ ನೆರ್ವಾ ಚಕ್ರವರ್ತಿಯು ಈ ತೆರಿಗೆಯ ಹೆಸರಿನಲ್ಲಿ ನಡೆಯುತ್ತಿದ್ದ ಸುಳ್ಳು ದೂರುಗಳನ್ನು ನಿಲ್ಲಿಸಿ, ಅದರ ನೆನಪಿಗೆ ಒಂದು ನಾಣ್ಯ ಹೊರಡಿಸಿದನು. ಅದರ ಮೇಲೂ ಖರ್ಜೂರದ ಮರವಿದೆ, ಆದರೆ ಅಳುವ ಹೆಂಗಸಿಲ್ಲ.

ಮುದ್ರೆಯ ಮೇಲೆ ಮುದ್ರೆ

ಕ್ರಿ.ಶ. 132ರಲ್ಲಿ ಸಿಮೋನ್ ಬಾರ್ ಕೋಖ್ಬಾ ಎಂಬವನ ನೇತೃತ್ವದಲ್ಲಿ ಮತ್ತೊಂದು ದಂಗೆ ನಡೆಯಿತು. ಈ ದಂಗೆಕೋರರು ಹೊಸ ಲೋಹ ಕರಗಿಸಿ ನಾಣ್ಯ ಮಾಡಲಿಲ್ಲ. ಕೈಯಲ್ಲಿದ್ದ ರೋಮನ್ ನಾಣ್ಯಗಳನ್ನೇ ತೆಗೆದುಕೊಂಡು, ಅವುಗಳ ಮೇಲೆ ತಮ್ಮ ಅಚ್ಚು ಇಟ್ಟು ಹೊಡೆದರು. ಇಂದಿಗೂ ಕೆಲವು ನಾಣ್ಯಗಳಲ್ಲಿ ಹೊಸ ಬರಹದ ಅಡಿಯಲ್ಲಿ ಚಕ್ರವರ್ತಿಯ ಮುಖದ ಅಂಚು, ಹೆಸರಿನ ಒಂದೆರಡು ಅಕ್ಷರ ಇಣುಕುವುದುಂಟು.

ದೊಡ್ಡ ಬೆಳ್ಳಿ ನಾಣ್ಯದ ಮೇಲೆ ಅವರು ಮುದ್ರಿಸಿದ್ದು ನಾಲ್ಕು ಕಂಬಗಳ ದೇವಾಲಯದ ಮುಖ. ಆ ದೇವಾಲಯ ಸುಟ್ಟು ಆಗಲೇ 60 ವರ್ಷ ಕಳೆದಿತ್ತು. ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟೂ ಉಳಿದಿರಲಿಕ್ಕಿಲ್ಲ. ಹಿಂಬದಿಯಲ್ಲಿ ಪರ್ಣಶಾಲೆಗಳ ಹಬ್ಬಕ್ಕೆ ಬೇಕಾದ ಖರ್ಜೂರದ ಗರಿಯ ಕಟ್ಟು ಮತ್ತು ಮಾದಳದ ಜಾತಿಯ ಹಣ್ಣು. 'ಜೆರುಸಲೇಮಿನ ಸ್ವಾತಂತ್ರ್ಯಕ್ಕಾಗಿ' ಎಂದು ಬರಹ. 1960ರ ಆಸುಪಾಸಿನಲ್ಲಿ ಯಿಗಾಯೆಲ್ ಯಾದಿನ್ ಅವರ ತಂಡಕ್ಕೆ ಯೂದಾಯದ ಮರುಭೂಮಿಯ ಗುಹೆಗಳಲ್ಲಿ ಬಾರ್ ಕೋಖ್ಬಾನ ಪತ್ರಗಳು ಸಿಕ್ಕಿದವು. ಅವುಗಳಲ್ಲಿ ಒಂದು, ಯುದ್ಧದ ನಡುವೆಯೂ ಹಬ್ಬಕ್ಕೆ ಗರಿಗಳನ್ನೂ ಹಣ್ಣುಗಳನ್ನೂ ಕಳುಹಿಸಿಕೊಡಿ ಎಂಬ ಪತ್ರ. ನಾಣ್ಯದ ಮೇಲೆ ಇದ್ದದ್ದು ಬರೀ ಅಲಂಕಾರವಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

135ರಲ್ಲಿ ಈ ದಂಗೆಯೂ ರಕ್ತದಲ್ಲಿ ಮುಳುಗಿತು. ಹದ್ರಿಯನ್ ಚಕ್ರವರ್ತಿಯು ಜೆರುಸಲೇಮಿನ ಹೆಸರನ್ನೇ ಅಳಿಸಿದನು. ಅನಂತರ ಸಾವಿರದ ಎಂಟುನೂರು ವರ್ಷ ಯೆಹೂದ್ಯರಿಗೆ ತಮ್ಮದೆನ್ನುವ ನಾಣ್ಯವಿರಲಿಲ್ಲ.

ನಾಣ್ಯವಿಲ್ಲದೆ ಉಳಿದ ನೆನಪು

ಹಾಗಾದರೆ ಅಷ್ಟು ಕಾಲ ನೆನಪು ಉಳಿದದ್ದು ಎಲ್ಲಿ? ಪ್ರಾರ್ಥನೆಯಲ್ಲಿ, ಮನೆಯ ಆಚರಣೆಯಲ್ಲಿ. ಆವ್ ತಿಂಗಳ 9ನೇ ದಿನ ಯೆಹೂದ್ಯರು ಉಪವಾಸವಿದ್ದು, ನೆಲದ ಮೇಲೆ ಕುಳಿತು ಪ್ರಲಾಪಗಳ ಗ್ರಂಥವನ್ನು ಓದುತ್ತಾರೆ. ಮದುವೆಯ ಸಂತೋಷದ ಗಳಿಗೆಯಲ್ಲೂ ವರನು ಒಂದು ಗಾಜಿನ ಲೋಟವನ್ನು ತುಳಿದು ಒಡೆಯುತ್ತಾನೆ. ದೇವಾಲಯದ ನಾಶವನ್ನು ಮರೆಯಬಾರದು ಎಂಬುದೇ ಅದರ ಅರ್ಥ. ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಯಲ್ಲಿ ಸಾವು ಎಂಬ ಮಾತೇ ಇಲ್ಲ. ಅದರಲ್ಲಿ ಇರುವುದು ದೇವರ ನಾಮದ ಸ್ತುತಿ ಮಾತ್ರ.

ಈ ಜನ ನಮ್ಮ ಕರಾವಳಿಗೂ ಹೊಸಬರಲ್ಲ. ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಸಿಯಾ ಮೂಲದ ಯೆಹೂದ್ಯ ವ್ಯಾಪಾರಿಯು 12ನೇ ಶತಮಾನದಲ್ಲಿ ಮಂಗಳೂರಿನಲ್ಲಿ ವಾಸವಾಗಿದ್ದನು. ಆಶು ಎಂಬ ದಾಸಿಯನ್ನು ಅವನು 1132ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿದ ಪತ್ರವು ಕೈರೋ ನಗರದ ಯೆಹೂದ್ಯ ಪ್ರಾರ್ಥನಾಮಂದಿರದ ಹಳೆಯ ಕಾಗದಗಳ ಕೋಣೆಯಲ್ಲಿ ಸಿಕ್ಕಿದೆ. ಅವನ ಬಳಿ ಬೊಮ್ಮ ಎಂಬ ತುಳುನಾಡಿನ ಸೇವಕನಿದ್ದನು. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಪ್ರಾರ್ಥನಾಮಂದಿರ ಇಂದಿಗೂ ಇದೆ. ಅದಕ್ಕೆ 400 ವರ್ಷ ತುಂಬಿದಾಗ, 1968ರಲ್ಲಿ, ಭಾರತ ಸರ್ಕಾರವು 20 ಪೈಸೆಯ ಅಂಚೆಚೀಟಿ ಹೊರಡಿಸಿತು. ಬೆಂಗಳೂರಿನಲ್ಲಿ 1904ರಿಂದ ಯೆಹೂದ್ಯರ ಒಂದು ಸಣ್ಣ ಸ್ಮಶಾನವಿದೆ.

ತೆರೆಜೀನ್‌ನ ದೀಪ, ಕೊಚ್ಚಿಯ ದೀಪ

1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾಯಿತು. 1958ರಲ್ಲಿ ಹತ್ತನೆಯ ವರ್ಷದ ನೆನಪಿಗೆ ಅದರ ಮೊದಲ ಸ್ಮಾರಕ ನಾಣ್ಯ ಬಂತು. ಅದರ ಮೇಲೆ ದೇವಾಲಯದ ಏಳು ಕವಲಿನ ದೀಪಸ್ತಂಭವಿತ್ತು. ಅದೇ ವರ್ಷ ಹನುಕ್ಕಾ ಹಬ್ಬದ ನಾಣ್ಯಗಳ ಮಾಲಿಕೆಯೂ ಪ್ರಾರಂಭವಾಯಿತು. ಹನುಕ್ಕಾ ಎಂದರೆ ಮಕ್ಕಾಬಿಯರು ದೇವಾಲಯವನ್ನು ಶುದ್ಧಗೊಳಿಸಿ ಮರಳಿ ಪ್ರತಿಷ್ಠಾಪಿಸಿದ ದಿನದ ಹಬ್ಬ. ನಮ್ಮ ಬೈಬಲಿನ ಮಕ್ಕಾಬಿಯರ ಮೊದಲನೆಯ ಗ್ರಂಥದ 4ನೇ ಅಧ್ಯಾಯದಲ್ಲಿ ಇದರ ವೃತ್ತಾಂತವಿದೆ. ಎಂಟು ದಿನ, ದಿನಕ್ಕೊಂದು ದೀಪದಂತೆ ಹೆಚ್ಚಿಸುತ್ತಾ ಹೋಗುತ್ತಾರೆ. ಈ ಮಾಲಿಕೆಯ ಎಷ್ಟೋ ನಾಣ್ಯಗಳಲ್ಲಿ ಯೆಹೂದ್ಯರು ಚದುರಿ ಬಾಳಿದ ಒಂದೊಂದು ನಾಡಿನ ದೀಪದ ಚಿತ್ರವಿದೆ: ರಷ್ಯಾ, ದಮಾಸ್ಕಸ್, ಹಾಲೆಂಡ್, ಹೀಗೆ. 1990ರ ನಾಣ್ಯದ ಮೇಲೆ ಇರುವುದು ನಮ್ಮ ಪಕ್ಕದ ಕೊಚ್ಚಿಯ ದೀಪ.

ಎಲ್ಲಕ್ಕಿಂತ ನಮ್ಮನ್ನು ಹೆಚ್ಚು ತಟ್ಟಿದ್ದು 1984ರ ನಾಣ್ಯ. ಅದರ ಮೇಲೆ ಇರುವುದು ತೆರೆಜೀನ್‌ನ ದೀಪ. ಪ್ರಾಗ್ ನಗರದ ಉತ್ತರಕ್ಕಿರುವ ಈ ಕೋಟೆಯೂರನ್ನು ನಾಜಿಗಳು ಯೆಹೂದ್ಯರ ಬಂಧನಶಿಬಿರವಾಗಿ ಮಾಡಿದರು. 1941ರಿಂದ 1945ರವರೆಗೆ ಸುಮಾರು 1,40,000 ಜನರನ್ನು ಅಲ್ಲಿಗೆ ತಳ್ಳಲಾಯಿತು. ಸುಮಾರು 33,000 ಜನ ಹಸಿವು, ರೋಗಗಳಿಂದ ಅಲ್ಲೇ ಸತ್ತರು. ಸುಮಾರು 88,000 ಜನರನ್ನು ಅಲ್ಲಿಂದ ಪೂರ್ವದ ಕೊಲೆಶಿಬಿರಗಳಿಗೆ ಸಾಗಿಸಲಾಯಿತು. ಇಂತಹ ಊರಿನಲ್ಲಿ 1942ರಲ್ಲಿ, ಬಾಲಕರ ವಸತಿಗೃಹಕ್ಕಾಗಿ, ಅರ್ನಾಲ್ಡ್ ಜಾದಿಕೋವ್ ಎಂಬ ಶಿಲ್ಪಿ ಮತ್ತು ಲಿಯೋಪೋಲ್ಡ್ ಹೆಕ್ಟ್ ಎಂಬ ಕೆತ್ತನೆಗಾರ ಸೇರಿ ಮರದ ಹನುಕ್ಕಾ ದೀಪವೊಂದನ್ನು ಮಾಡಿದರು. ಮರವನ್ನು ಸಹ ಕಾವಲುಗಾರರ ಕಣ್ಣು ತಪ್ಪಿಸಿ ತರಬೇಕಾಗಿತ್ತು. ಜಾದಿಕೋವ್ 1943ರಲ್ಲಿ ತೆರೆಜೀನ್‌ನಲ್ಲೇ ಕಣ್ಣು ಮುಚ್ಚಿದನು. ದೀಪ ಉಳಿಯಿತು. ಇಂದು ಅದು ನ್ಯೂಯಾರ್ಕಿನ ಯೆಹೂದ್ಯ ವಸ್ತುಸಂಗ್ರಹಾಲಯದಲ್ಲಿದೆ.

ಆ ನಾಣ್ಯದ ಮೇಲೆ ಮುಳ್ಳುತಂತಿ ಹಾಕಬಹುದಿತ್ತು, ಹೊಗೆಕೊಳವೆ ಹಾಕಬಹುದಿತ್ತು. ಆದರೆ ಆರಿಸಿಕೊಂಡದ್ದು ಮಕ್ಕಳು ಪ್ರಾರ್ಥನೆ ಕಲಿತ ದೀಪವನ್ನು. ರೋಮನ್ನರು ಒಂದು ಜನರ ಅಳುವನ್ನು ಟಂಕಿಸಿದರು. ಆ ಜನ ತಮ್ಮ ಪಾಲಿಗೆ ಬಂದಾಗ ಪ್ರಾರ್ಥನೆಯನ್ನು ಟಂಕಿಸಿದರು.

ನಮ್ಮ ನಾಡಿನಲ್ಲಿ

ಇಂತಹ ಸ್ಮರಣೆ ನಮ್ಮ ದೇಶಕ್ಕೂ ಪರಿಚಿತವೇ. ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡಕ್ಕೆ 100 ವರ್ಷ ತುಂಬಿದ 2019ರಲ್ಲಿ 100 ರೂಪಾಯಿಯ ಸ್ಮಾರಕ ನಾಣ್ಯ ಬಂತು. ಬೀದರ್‌ಗೆ ಹತ್ತಿರದ ನಂಟು ಸಿಖ್ಖರದ್ದು. ಬೀದರ್‌ನ ನಾನಕ್ ಝಿರಾದ ಸಿಹಿನೀರಿನ ಊಟೆಯನ್ನು ಗುರುನಾನಕರ ಭೇಟಿಯ ನೆನಪಾಗಿ ಭಕ್ತರು ಪೂಜ್ಯವೆಂದು ಕಾಣುತ್ತಾರೆ. 1699ರಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆಕೊಡಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನವರು. 1675ರಲ್ಲಿ ದೆಹಲಿಯಲ್ಲಿ ಪ್ರಾಣ ಕೊಟ್ಟ ಗುರು ತೇಗ್ ಬಹಾದ್ದೂರರ 350ನೇ ಹುತಾತ್ಮ ದಿನಕ್ಕೆ 2025ರ ನವೆಂಬರ್‌ನಲ್ಲಿ ವಿಶೇಷ ನಾಣ್ಯ ಬಿಡುಗಡೆಯಾಯಿತು.

ಎಲ್ಲ ದುಃಖಕ್ಕೂ ನಾಣ್ಯ ಸಿಗುವುದಿಲ್ಲ. ಇದೇ ಜಿಲ್ಲೆಯ ಗೋರ್ಟಾದಲ್ಲಿ 1948ರಲ್ಲಿ ರಜಾಕಾರರ ಕೈಯಲ್ಲಿ ಸತ್ತವರಿಗೆ ಇಂದು ಒಂದು ಸ್ಮಾರಕವಿದೆ. ಅದೇ ವರ್ಷದ ಸೆಪ್ಟೆಂಬರ್‌ನ ಪೊಲೀಸ್ ಕಾರ್ಯಾಚರಣೆಯ ನಂತರ ಪ್ರಾಣ ಕಳೆದುಕೊಂಡ ಮುಸಲ್ಮಾನ ಹಳ್ಳಿಗರ ವಿಷಯವನ್ನು ಸುಂದರಲಾಲ್ ಸಮಿತಿಯ ವರದಿ ದಾಖಲಿಸಿದೆ. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಬೀದರ್ ಹೆಸರೂ ಇದೆ. ಎರಡೂ ಕಡೆಯ ಮನೆಗಳಲ್ಲಿ ಅತ್ತವರು ತಾಯಂದಿರೇ. ಒಬ್ಬರ ಅಳುವಿಗೆ ಕಲ್ಲು ನಿಲ್ಲಿಸಿ ಇನ್ನೊಬ್ಬರ ಅಳುವನ್ನು ಮರೆತರೆ ಸ್ಮರಣೆ ಅರ್ಧವಾಗುತ್ತದೆ.

ಧರ್ಮಸಭೆಯೂ ನೆನೆಯಬೇಕಾದದ್ದು

ಯೆಹೂದ್ಯರ ದುಃಖದಲ್ಲಿ ಕ್ರೈಸ್ತರ ಪಾಲೂ ಇತ್ತು ಎಂಬುದನ್ನು ನಾವು ಮುಚ್ಚಿಡಬಾರದು. ಶತಮಾನಗಳ ಕಾಲ ಯೂರೋಪಿನ ಕ್ರೈಸ್ತರು ಅವರನ್ನು ತಿರಸ್ಕಾರದಿಂದ ಕಂಡರು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆಯು, ಕ್ರಿಸ್ತರ ಮರಣದ ಹೊಣೆಯನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಬಾರದೆಂದು ಸ್ಪಷ್ಟವಾಗಿ ಸಾರಿತು. 1998ರ ಮಾರ್ಚ್‌ನಲ್ಲಿ ವ್ಯಾಟಿಕನ್ ಆ ಮಹಾಸಂಹಾರವನ್ನು ಕುರಿತ ತನ್ನ ಸ್ಮರಣೆಯ ದಾಖಲೆಯನ್ನು ಹೊರತಂದಿತು. 2000ದ ಮಾರ್ಚ್ 26ರಂದು ಜಗದ್ಗುರು ಎರಡನೇ ಜಾನ್ ಪಾಲ್‌ರವರು ಜೆರುಸಲೇಮಿನ ಪಶ್ಚಿಮದ ಗೋಡೆಯ ಬಿರುಕಿನಲ್ಲಿ ಕ್ಷಮಾಯಾಚನೆಯ ಪ್ರಾರ್ಥನೆ ಬರೆದ ಕಾಗದವನ್ನು ಇಟ್ಟರು.

ಅದೇ ಪರ್ಣಶಾಲೆಗಳ ಹಬ್ಬದ ಸಾಲಿನ ಕೊನೆಯ ದಿನ, 2023ರ ಅಕ್ಟೋಬರ್ 7ರಂದು, ಹಮಾಸ್ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 251 ಜನ ಒತ್ತೆಯಾಳುಗಳಾದರು. ಅನಂತರದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಪ್ಯಾಲೆಸ್ತೀನಿಯರು ಸತ್ತರು, ಅವರಲ್ಲಿ ಮಕ್ಕಳೂ ಬಹಳ. ಖರ್ಜೂರದ ಮರದ ಬುಡದಲ್ಲಿ ಕುಳಿತು ಅಳುವ ಹೆಂಗಸು ಇಂದು ಆ ನಾಡಿನ ಎರಡೂ ಕಡೆ ಇದ್ದಾಳೆ. ಅವಳ ಚಿತ್ರವನ್ನು ಮತ್ತೆ ಯಾರೂ ವಿಜಯದ ನಾಣ್ಯವಾಗಿ ಟಂಕಿಸದಿರಲಿ.

ಚಿಂತಾಕಿಯ ಆ ಮನೆಯಿಂದ ಹೊರಡುವ ಮೊದಲು ನಾಣ್ಯದ ಮೇಲಿನ ಮಾತಿನ ಕಥೆಯನ್ನು ನಾವು ತಾಯಿಗೆ ಹೇಳಿದೆವು. ಅವರು ಅದನ್ನು ಸೆರಗಿನಿಂದ ಒರೆಸಿ, ಮರಳಿ ಪಟದ ಮುಂದೆ ಇಟ್ಟರು. ಮಗಳು ಆರೈಕೆ ಮಾಡುತ್ತಿದ್ದ ಅಜ್ಜಿ ಈಗಿಲ್ಲವಂತೆ. "ಆ ಮುದುಕಿಗೂ ಒಂದು ಜಪ ಹೇಳ್ರಿ ಫಾದರ್" ಎಂದರು. ನಾವೆಲ್ಲರೂ ಎದ್ದು ನಿಂತು ಹೇಳಿದೆವು.